ಮುಂದಕ್ಕೆ ಅಂದರೆ ಯಾವ ಕಡೆಗೆ, ಭಾವ?

ಭಾವನವರಿಗೆ,

ಜರಗನಹಳ್ಳಿಯಿಂದ ನಿಮ್ಮ ಭಾವಮೈದ ಮುನಿರಾಜ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಇದಾದ ಮೇಲೆ 'ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ' ಎಂಬ ಸಾಲು ಬರಬೇಕು ಎಂದು ನಮ್ಮೂರ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರು. ಆ ಸಾಲನ್ನು ಬಿಟ್ಟಿದ್ದೇನೆ. ನೀವೇನಾದರೂ ಬರೆದುಬಿಟ್ಟರೆ ಮನೆಯವರೆಲ್ಲ ಹೆದರಿಕೊಳ್ಳುತ್ತಾರೆ. ಒಂದು ಜಗಳ ಅರ್ಧಕ್ಕೆ ನಿಂತಿತ್ತಲ್ಲ, ಅದು ಮುಗಿಯಿತು. ಯಾರು ಗೆದ್ದರು ಎಂದು ಹೇಳಲು ಈ ಕಾಗದ.

ಜಗಳ ಶುರುವಾದ ಭಾನುವಾರ ನಿಮಗೆ ನೆನಪಿದೆಯೇ? ನಿಮ್ಮ ಕೂಸು ಶೋಭಾಗೆ ಆಗ ಹಲ್ಲು ಬರುತ್ತಿತ್ತು. ನಾನು ನಮ್ಮ ಹೊಲದ ಅವರೆಕಾಯಿ ತಂದು ಜಯನಗರದ ನಿಮ್ಮ ಮನೆಯ ನಡುಮನೆಯಲ್ಲಿ ಸುರಿದಿದ್ದೆ, ಅಕ್ಕ ಸುಲಿಯುತ್ತಾ ಕೂತಿದ್ದಳು. ನೀವು ಕರೆಂಟಿನ ಇಲಾಖೆಯ ಕಂಟ್ರೋಲ್ ರೂಮಿನಿಂದ ಶಿಫ್ಟ್ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಭಾಷಣ ಶುರು ಮಾಡಿದಿರಿ. ಸಂಜೆ ಆರೂವರೆಗೆ ಇಡೀ ರಾಜ್ಯ ಒಟ್ಟಿಗೆ ದೀಪ ಹಾಕುತ್ತದೆ, ನಿಮ್ಮ ಮುಂದಿನ ಮೀಟರಿನ ಮುಳ್ಳು ನಾಗರಹಾವಿನ ಹಾಗೆ ಎದ್ದು ನಿಲ್ಲುತ್ತದೆ, ಯಾವ ಊರಿನ ಕರೆಂಟು ತೆಗೆಯಲಿ ಎಂದು ನೀವು ದಿನವೂ ಒದ್ದಾಡುತ್ತೀರಿ. ಅಸ್ಸಾಮಿನ ಕಡೆ ಬೇಸಿಗೆಯಲ್ಲಿ ನಾಲ್ಕೂವರೆಗೇ ಬೆಳಕು ಹರಿದಿರುತ್ತದೆ, ದೇಶ ಇನ್ನೂ ಮಲಗಿರುತ್ತದೆ, ಆ ಬೆಳಕೆಲ್ಲ ದಂಡ. ಇಷ್ಟು ಹೇಳಿ ಆಮೇಲೆ ಆ ಮಾತು ಆಡಿದಿರಿ.

"ಇಡೀ ದೇಶದ ಟೈಮನ್ನ ಅರ್ಧ ಗಂಟೆ ಮುಂದಕ್ಕೆ ಹಾಕ್ಬೇಕು ಕಣಯ್ಯ. ಎಲ್ಲಾ ಸರಿ ಹೋಗುತ್ತೆ."

"ಸುತರಾಂ ಕೂಡದು ಭಾವ," ಎಂದೆ. "ಹಿಂದಕ್ಕೆ ಹಾಕ್ಬೇಕು."

ನೀವು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನನ್ನನ್ನು ದಿಟ್ಟಿಸಿದಿರಿ. ಏಳನೇ ಕ್ಲಾಸು ಓದಿದವನು ಬಿ.ಎಸ್ಸಿ. ಓದಿದವರಿಗೆ ಎದುರಾಡುವುದೆಂದರೆ... ಆದರೆ ನಾನು ಹೆದರುವ ಆಳೇ? ನಮ್ಮ ಶಾಲೆಯಲ್ಲಿ ಗಡಿಯಾರವೇ ಇರಲಿಲ್ಲ. ಬಾವುಟದ ಕಂಬದ ನೆರಳು ಮೂರನೇ ಮೆಟ್ಟಿಲು ಮುಟ್ಟಿದರೆ ಮಗ್ಗಿ, ಗೋಡೆ ಹತ್ತಿದರೆ ಮನೆ. ಅಂಥ ಕಡೆ ಓದಿದವನಿಗೆ ಹೊತ್ತಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದೆ. ಅಕ್ಕ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತಿದ್ದಳು. ಅವಳು ನಗುತ್ತಿದ್ದಳು ಎಂದು ಈಗ ಅನ್ನಿಸುತ್ತದೆ.

ಆಮೇಲಿನ ಭಾನುವಾರಗಳನ್ನು ಎಣಿಸಿದವರು ಯಾರು? ಹನ್ನೊಂದು ಗಂಟೆಗೆ ನನ್ನ ಸ್ಕೂಟರು ನಿಮ್ಮ ಗೇಟಿನ ಮುಂದೆ, ಹನ್ನೊಂದೂ ಐದಕ್ಕೆ ಜಗಳ. ನೀವು ಮುಂದಕ್ಕೆ ಎನ್ನುವುದು, ನಾನು ಹಿಂದಕ್ಕೆ ಎನ್ನುವುದು. ಹಿಂದಕ್ಕೆ ಹಾಕಿದರೆ ಐದೂವರೆಗೇ ಕತ್ತಲಾಗುತ್ತದೆ, ದೇಶ ಕತ್ತಲಲ್ಲಿ ಕೊಳೆಯುತ್ತದೆ ಎಂದು ನೀವು ಪೇಪರು ಹಾಸಿ ಸೂರ್ಯ, ಭೂಮಿ, ಗೆರೆ ಎಲ್ಲ ಬರೆಯುತ್ತಿದ್ದಿರಿ. ನಾನು ನೋಡಿದರೆ ತಾನೆ? ನೀವು ಬಾಯಿ ತೆರೆದರೆ ನಾನು ಎರಡು ಬಾಯಿ ತೆರೆಯುತ್ತಿದ್ದೆ. ಸೂರ್ಯ ಹುಟ್ಟುವಾಗ ಅರ್ಧ ಕೆಲಸ ಮುಗಿದಿರಬೇಕು ಭಾವ, ಸೂರ್ಯ ಮುಳುಗುವ ಮೊದಲು ಮನುಷ್ಯ ಮನೆ ಸೇರಬೇಕು, ನಿಮ್ಮ ಮಾತು ಕೇಳಿದರೆ ದೇಶ ಸೋಮಾರಿಯಾಗುತ್ತದೆ ಎಂದು ಟೀಪಾಯಿ ಗುದ್ದುತ್ತಿದ್ದೆ.

ಒಂದು ಸಲ ನೀವು ಸುಸ್ತಾಗಿ, "ಅಯ್ಯ, ನಾನೂ ಅದನ್ನೇ ಕಣಯ್ಯ ಹೇಳ್ತಿರೋದು," ಎಂದಿರಿ. ನೀವು ಸೋಲೊಪ್ಪಿಕೊಂಡಿರಿ ಎಂದೇ ನಾನು ತಿಳಿದೆ. ಜರಗನಹಳ್ಳಿಗೆ ವಾಪಸು ಹೋದವನು ಕನಕಪುರ ರಸ್ತೆಯ ಟೀ ಅಂಗಡಿಯಲ್ಲಿ ಕೂತು, ಜಯನಗರದ ಭಾವನ್ನ ಇವತ್ತು ಮಲಗಿಸಿ ಬಂದೆ ಎಂದು ಸಂಜೆವರೆಗೂ ಹೇಳಿದೆ. ನೀವು ಆ ಮಾತನ್ನು ಮತ್ತೆ ಯಾವತ್ತೂ ಆಡಲಿಲ್ಲ. ಯಾಕೆ ಆಡಲಿಲ್ಲ ಭಾವ? ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಬಾಡಿಗೆಗೆಂದು ಕಟ್ಟಿಸಿದ ಕಟ್ಟಡ ನೋಡಲು ನೀವು ಬಂದ ದಿನ ಇನ್ನೊಂದು ಸುತ್ತು ಆಯಿತಲ್ಲ. ಮೂರನೇ ಮಹಡಿಯ ಹುಡುಗರದು ಅಮೆರಿಕಾ ಕೆಲಸ, ಅವರಿಗೆ ಮಧ್ಯಾಹ್ನ ಒಂದಕ್ಕೆ ಬೆಳಗು. ಎರಡನೆಯದರಲ್ಲಿರುವ ಹುಡುಗಿಯರದು ಲಂಡನ್ನು, ಅವರು ಅನ್ನ ತಿನ್ನುವಾಗ ನಾವು ಟೀ ಕುಡಿಯುತ್ತಿರುತ್ತೇವೆ. ಕೆಳಗೆ ನಾನು, ನನ್ನದು ಜರಗನಹಳ್ಳಿ ಟೈಮು. "ನೋಡಿ ಭಾವ, ದೆಹಲಿಯವರು ಒಂದು ದೇಶಕ್ಕೆ ಎರಡು ಟೈಮ್ ಇಡೋಕೆ ಇಷ್ಟು ವರ್ಷದಿಂದ ತಲೆ ಕೆಡಿಸ್ಕೊಂಡಿದಾರೆ. ನಾನು ಒಂದೇ ಮೀಟರ್ ಬೋರ್ಡಲ್ಲಿ ಮೂರು ಟೈಮ್ ಇಟ್ಟಿದೀನಿ," ಎಂದಾಗ ನೀವು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕಿರಿ. ನನ್ನ ಮಾತಿಗೆ ನೀವು ಹಾಗೆ ನಕ್ಕದ್ದು ಅದೊಂದೇ ಸಲ. ನಾನು ಅದನ್ನು ಬಹಳ ಜನಕ್ಕೆ ಹೇಳಿದ್ದೇನೆ.

ನಿಮ್ಮ ವೈಕುಂಠ ಸಮಾರಾಧನೆಯ ದಿನ ಎಲೆ ಎತ್ತಿದ ಮೇಲೆ ಅಕ್ಕ ಗೇಟಿನ ಚಿಲಕ ಹಾಕಿದಳಲ್ಲ, ಅದರಾಚೆ ಆಮೇಲೆ ಕಾಲಿಡಲಿಲ್ಲ. ಹತ್ತು ತಿಂಗಳು. ಹೂವು ಗೇಟಿಗೆ ಬರುತ್ತದೆ, ಸೊಪ್ಪು ಗೇಟಿಗೆ ಬರುತ್ತದೆ. ಮಹಡಿ ಮೇಲಿರುವ ಶೋಭಾ, ಅವಳ ಗಂಡ, ಮಕ್ಕಳು ಇಳಿದು ಬಂದು ಮಾತಾಡಿಸುತ್ತಾರೆ. ಅಳುವುದಿಲ್ಲ, ಊಟ ಬಿಟ್ಟಿಲ್ಲ, ಎಲ್ಲ ಸರಿಯಾಗಿಯೇ ಇದ್ದಳು. ಆದರೆ ಬೆಳಗ್ಗೆ ಐದಕ್ಕೆ ಎದ್ದು ಎರಡು ಲೋಟ ಕಾಫಿ ಬೆರೆಸಿ, ಒಂದು ಕುಡಿದು ಇನ್ನೊಂದನ್ನು ಮುಚ್ಚಿಡುತ್ತಿದ್ದಳು. ಹನ್ನೊಂದಕ್ಕೆ ನಾನು ಹೋದರೆ ಅದನ್ನು ಬಿಸಿ ಮಾಡಿ ನನಗೆ ಕೊಡುತ್ತಿದ್ದಳು. ಐದು ಗಂಟೆಯ ಕಾಫಿಯನ್ನು ಹನ್ನೊಂದಕ್ಕೆ ಕುಡಿದ ಭಾವಮೈದ ನಾನೊಬ್ಬನೇ ಇರಬೇಕು. ಶೋಭಾ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಮಾವ, ನೀವೇ ಏನಾದ್ರೂ ಮಾಡಿ. ಅಮ್ಮ ಹೀಗೇ ಇದ್ರೆ ಕಾಲೇ ಹಿಡ್ಕೊಳುತ್ತೆ," ಎಂದಳು. ದೇವಸ್ಥಾನಕ್ಕೆ ಬಾ ಎಂದೆ, ಬರಲಿಲ್ಲ. ಹೊಸಕೆರೆಹಳ್ಳಿಯ ನೆಂಟರ ಮನೆ ನಾಮಕರಣಕ್ಕೆ ಬಾ ಎಂದೆ, ಬರಲಿಲ್ಲ. ನಿಮ್ಮ ಮನೆಯ ಹಿಂದಿನ ಪಾರ್ಕಿಗೆ ನಾಲ್ಕು ಹೆಜ್ಜೆ, ಅದಕ್ಕೂ ಇಲ್ಲ.

ಪೇಪರಿನಲ್ಲಿ ದೇಶದ ಟೈಮಿನ ಸುದ್ದಿ ಮತ್ತೆ ಬಂದ ಬೆಳಗ್ಗೆ ನನಗೆ ಆ ಉಪಾಯ ಹೊಳೆಯಿತು. ನಿಮ್ಮ ಪಾರ್ಕಿನ ಹಿರಿಯರ ಬಳಗ ಗೊತ್ತಲ್ಲ, ರಿಟೈರ್ಡ್ ಲೆಕ್ಚರರ್ ಮೂರ್ತಿಗಳು ಅಧ್ಯಕ್ಷರು. ಅವರ ಹತ್ತಿರ ಹೋಗಿ, ಸಾರ್, ಬರೀ ನಗೆ ವ್ಯಾಯಾಮ ಮಾಡಿ ಮಾಡಿ ಜನಕ್ಕೆ ಹಲ್ಲು ನೋವು ಬಂದಿದೆ, ಒಂದು ಚರ್ಚಾಸ್ಪರ್ಧೆ ಇಡಿ ಎಂದೆ. ವಿಷಯವನ್ನೂ ನಾನೇ ಕೊಟ್ಟೆ: ದೇಶದ ಸಮಯವನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬೇಕೇ, ಬೇಡವೇ? ಅಲ್ಲಿಂದ ನೇರ ಅಕ್ಕನ ಅಡುಗೆಮನೆಗೆ ಬಂದೆ.

"ಭಾನುವಾರ ನಾಲ್ಕಕ್ಕೆ ಪಾರ್ಕಲ್ಲಿ ಭಾವನ ವಾದಾನ ಬಿಚ್ಚಿ ಬಿಸಾಕ್ತೀನಿ. ಅವರ ಕಡೆ ಮಾತಾಡೋಕೆ ಯಾರೂ ಇಲ್ಲ. ಪಾಪ," ಎಂದೆ.

ಅಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದಳು. "ಬಿಸಾಕು," ಎಂದಳು. ಅಷ್ಟೇ.

ಭಾನುವಾರ ನಾಲ್ಕು ಗಂಟೆಗೆ ಪಾರ್ಕಿನ ಮಂಟಪದಲ್ಲಿ ಐವತ್ತು ಪ್ಲಾಸ್ಟಿಕ್ ಕುರ್ಚಿ. ನನ್ನ ಕಣ್ಣು ಗೇಟಿನ ಮೇಲೆ. ಮೊದಲು ಮಾತಾಡಿದವರು ಎರಡು ಟೈಮ್ ಬೇಕು, ಅಸ್ಸಾಮಿಗೊಂದು ನಮಗೊಂದು ಎಂದರು. ಹಾಗಾದರೆ ಗಡಿಯಲ್ಲಿ ಬರುವ ರೈಲು ಲೇಟೋ ಅಲ್ಲವೋ ಎಂದು ಯಾರು ಹೇಳಬೇಕು ಎಂದು ಇನ್ನೊಬ್ಬರು ಕೇಳಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, "ರಾಹುಕಾಲಾನೂ ಅರ್ಧ ಗಂಟೆ ಮುಂದಕ್ಕೆ ಹೋಗುತ್ತಾ ಸಾರ್?" ಎಂದರು. ಮೂರ್ತಿಗಳು ಆ ಪ್ರಶ್ನೆಯನ್ನು ಬರೆದುಕೊಂಡು ನೀರು ಕುಡಿದರು. ಅಷ್ಟರಲ್ಲಿ ಶೋಭಾಳ ತೋಳು ಹಿಡಿದುಕೊಂಡು ಅಕ್ಕ ಬಂದಳು. ಇಸ್ತ್ರಿ ಮಾಡಿದ ಸೀರೆ. ಮೂರನೇ ಸಾಲಿನಲ್ಲಿ ಕೂತು ಕೈ ಕಟ್ಟಿಕೊಂಡಳು. ನನ್ನ ಹೆಸರು ಕರೆದರು.

ನಾನು ಮೈಕು ಹಿಡಿದ ಗತ್ತನ್ನು ನೀವು ನೋಡಬೇಕಿತ್ತು. ನಾನು ವಿಷಯದ ಕಡು ವಿರೋಧಿ ಎಂದು ಶುರು ಮಾಡಿದೆ. ಸೂರ್ಯನ ಬೆಳಕು ಪುಕ್ಕಟೆ, ಅದನ್ನು ಮಲಗಿ ಹಾಳು ಮಾಡಬಾರದು ಎಂದೆ. ಆಫೀಸು ಬೇಗ ತೆರೆಯಲಿ, ಬೇಗ ಮುಚ್ಚಲಿ, ಮಕ್ಕಳಿಗೆ ಸಂಜೆ ಆಡಲು ಬೆಳಕು ಸಿಗಲಿ, ಕತ್ತಲಾಗುವ ಮೊದಲು ಹೆಂಗಸರು ಮನೆ ಸೇರಲಿ, ಕರೆಂಟು ಉಳಿಯಲಿ ಎಂದೆ. ಜೋರು ಚಪ್ಪಾಳೆ. ಮೂರ್ತಿಗಳು ಗಂಟೆ ಬಾರಿಸಿದರು.

"ಮುನಿರಾಜು ಅವರೇ, ಒಂದು ನಿಮಿಷ. ತಾವು ಪರವೋ ವಿರೋಧವೋ?"

"ವಿರೋಧ ಸಾರ್. ಎದೆ ತಟ್ಟಿ ಹೇಳ್ತೀನಿ."

"ಮತ್ತೆ ಪರ ಇರೋರ ಪಾಯಿಂಟೆಲ್ಲಾ ತಾವೇ ಹೇಳಿ ಮುಗಿಸಿದ್ರಲ್ಲ. ಅವರಿಗೇನು ಉಳೀತು?"

ಗಲಾಟೆ ಎದ್ದಿತು. ಒಬ್ಬರು ಮುನಿರಾಜು ಹೇಳಿದ್ದೇ ಸರಿ, ಮುಂದಕ್ಕೆ ಅಂದರೆ ಲೇಟು ಎಂದರು. ಇನ್ನೊಬ್ಬರು ಅಲ್ಲ, ಬೇಗ ಎಂದರು. ಗಂಡ ಹೆಂಡತಿ ಒಂದೇ ಬೆಂಚಿನಲ್ಲಿ ಎರಡು ಪಾರ್ಟಿಯಾದರು. ಅಷ್ಟರಲ್ಲಿ ಮೂರನೇ ಸಾಲಿನಿಂದ ಅಕ್ಕ ಎದ್ದಳು.

"ಸಾರ್, ಆ ಮೈಕು ಇಲ್ಲಿ ಕೊಡಿ," ಎಂದಳು. ಕೊಟ್ಟರು.

"ಮುನಿ, ಟೈಮೆಷ್ಟು?"

"ನಾಲ್ಕೂವರೆ."

"ಕೇಸರಿಬಾತ್ ಎಷ್ಟೊತ್ತಿಗೆ ಕೊಡ್ತಾರಂತೆ?"

"ಐದಕ್ಕೆ."

"ಈಗ ನಿನ್ನ ವಾಚಿನ ಮುಳ್ಳನ್ನ ಅರ್ಧ ಗಂಟೆ ಮುಂದಕ್ಕೆ ತಿರುಗಿಸು."

ಐವತ್ತು ಜನ ನೋಡುತ್ತಿದ್ದಾರೆ. ತಿರುಗಿಸಿದೆ.

"ಈಗೆಷ್ಟು?"

"ಐದು."

"ಕೇಸರಿಬಾತ್?"

ನಾನು ವಾಚು ನೋಡಿದೆ. ಟೇಬಲ್ಲಿನ ಮೇಲಿನ ಪಾತ್ರೆ ನೋಡಿದೆ. "ಈಗಲೇ ಕೊಡ್ಬೇಕು," ಎಂದೆ.

"ಹಾಂ. ಮದುವೆ ಮುಂದಕ್ಕೆ ಹಾಕಿದ್ರೆ ತಡ ಆಗುತ್ತೆ. ಮುಳ್ಳು ಮುಂದಕ್ಕೆ ಹಾಕಿದ್ರೆ ಬೇಗ ಆಗುತ್ತೆ. ನಿಮ್ಮ ಭಾವ ಮುಳ್ಳಿನ ಮಾತಾಡ್ತಿದ್ರು, ನೀನು ಮದುವೆ ಮಾತಾಡ್ತಿದ್ದೆ. ಇಬ್ಬರಿಗೂ ಬೇಕಾಗಿದ್ದು ಒಂದೇ. ಇಷ್ಟು ವರ್ಷ ನನ್ನ ನಡುಮನೇಲಿ ಒಂದೇ ಮಾತಿಗೆ ಇಬ್ಬರು ಜಗಳ ಆಡಿದ್ರಿ."

ಭಾವ, ಆ ಮಂಟಪ ನಕ್ಕ ನಗು ನಗೆ ವ್ಯಾಯಾಮದಲ್ಲಿ ಯಾವತ್ತೂ ಬಂದಿರಲಿಲ್ಲ. ನಾನೂ ನಕ್ಕೆ, ಇನ್ನೇನು ಮಾಡಲಿ? ನಮ್ಮೂರಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು ಎಂದರೆ ಹುಡುಗರು ಕುಣಿಯುತ್ತಿದ್ದೆವು, ಇನ್ನೂ ಹದಿನೈದು ದಿನ ಓದಬೇಕಾಗಿಲ್ಲ ಎಂದು. ಮುಂದಕ್ಕೆ ಎಂಬ ಮಾತಿಗೆ ಬೇರೆ ಅರ್ಥ ಇದೆ ಎಂದು ನನಗೆ ಯಾರು ಹೇಳಿದ್ದರು? ನೀವು ಪೇಪರಿನ ಮೇಲೆ ಬರೆದು ಹೇಳಿದ್ದಿರಿ, ಸರಿ. ನಾನು ನೋಡಲಿಲ್ಲ.

ನಿಮಗೆ ಗೊತ್ತಿಲ್ಲದ ಸಂಗತಿ ಇನ್ನು ಮುಂದಿದೆ. ಅಕ್ಕ ಮೈಕು ವಾಪಸು ಕೊಡುತ್ತಾಳೆ ಎಂದುಕೊಂಡು ಮೂರ್ತಿಗಳು ಕೈ ಚಾಚಿದರು. ಅವಳು ಕೊಡಲಿಲ್ಲ. ನಿಮ್ಮ ಪರ ಮಾತಾಡಲು ಬಂದಿದ್ದಾಳೆ ಎಂದು ನಾನು ಹಿಗ್ಗಿ ಕೂತಿದ್ದೆ.

"ಈಗ ನಂದು ಹೇಳ್ತೀನಿ. ಮುಂದಕ್ಕೆ ಹಾಕೋದು ಬೇಡ," ಎಂದಳು.

ಶೋಭಾ ನನ್ನ ಕಡೆ ನೋಡಿದಳು. ನಾನು ಶೋಭಾಳ ಕಡೆ ನೋಡಿದೆ.

"ನಮ್ಮನೆಯವರು ಸಂಜೆ ಮೀಟರು ನೋಡಿದ್ರು. ಬೆಳಗ್ಗೆ ನನ್ನ ಅಡುಗೆಮನೆ ನೋಡ್ಲಿಲ್ಲ. ಸಂಕ್ರಾಂತಿ ಹೊತ್ತಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಆರೂಮುಕ್ಕಾಲಿಗೆ. ಮುಳ್ಳು ಮುಂದಕ್ಕೆ ಹಾಕಿದ್ರೆ ಏಳೂಕಾಲು ಆಗುತ್ತೆ. ಸ್ಕೂಲು, ಆಫೀಸು, ಶಿಫ್ಟು ಅದೇ ಟೈಮಿಗೆ. ಡಬ್ಬಿ ಅದಕ್ಕಿಂತ ಮುಂಚೆ. ಸಂಜೆ ಉಳಿಸಿದ ದೀಪಾನ ಬೆಳಗ್ಗೆ ನಾನು ಒಲೆ ಮುಂದೆ ಹಚ್ಚಬೇಕು. ಬೇಗ ಏಳಿ, ಬೇಗ ಏಳಿ ಅಂತ ಇಬ್ಬರೂ ಟೇಬಲ್ ಗುದ್ದಿದ್ರಿ. ಇಬ್ಬರಲ್ಲಿ ಒಬ್ಬರಾದ್ರೂ ನನಗಿಂತ ಮುಂಚೆ ಎದ್ದಿದ್ರಾ? ಕೇಳಿ ಸಾರ್ ಅವನ್ನ."

ಕೇಳುವುದೇನಿತ್ತು ಭಾವ? ನೀವಾದರೂ ಎದ್ದಿದ್ದಿರಾ? ನಿಮ್ಮ ಶಿಫ್ಟ್ ಆರಕ್ಕೆ ಇದ್ದಾಗ ಅವಳು ಎದ್ದದ್ದು ನಾಲ್ಕಕ್ಕೆ. ರಿಟೈರಾದ ಮೇಲೂ ನಿಮಗೆ ಐದೂಕಾಲಿಗೆ ಕಾಫಿ ಬೇಕಿತ್ತು. ನಾನು ಭಾನುವಾರ ಹನ್ನೊಂದಕ್ಕೆ ಹೋಗಿ, ಸೂರ್ಯ ಹುಟ್ಟುವಾಗ ಅರ್ಧ ಕೆಲಸ ಮುಗಿದಿರಬೇಕು ಎಂದು ಅವಳ ಟೀಪಾಯಿ ಗುದ್ದುತ್ತಿದ್ದೆ. ಅವಳದು ಆಗ ಮುಕ್ಕಾಲು ಕೆಲಸ ಮುಗಿದಿರುತ್ತಿತ್ತು, ನನ್ನ ಊಟದ ತಯಾರಿಯನ್ನೂ ಸೇರಿಸಿ. ಕೈ ಎತ್ತಿ ಎಂದು ಮೂರ್ತಿಗಳು ಹೇಳಿದಾಗ ಹೆಂಗಸರೆಲ್ಲ ಅಕ್ಕನ ಕಡೆ ಎತ್ತಿದರು, ರಾಹುಕಾಲದ ಅಜ್ಜಿ ಎರಡೂ ಕೈ ಎತ್ತಿದರು. ಆ ಬೆಂಚಿನ ಗಂಡ ಹೆಂಡತಿ ಒಂದೇ ಪಾರ್ಟಿಯಾದರು. ನಾನೂ ಎತ್ತಿದೆ. ನೀವು ಸೋತಿರಿ ಭಾವ. ನಾನೂ ಸೋತೆ, ಆದರೆ ನಾನು ಕೈ ಎತ್ತಿದ ಕಡೆ ಗೆದ್ದಿತು, ಆದ್ದರಿಂದ ಸ್ವಲ್ಪ ಗೆದ್ದ ಹಾಗೂ ಆಯಿತು. ಟೀ ಅಂಗಡಿಯಲ್ಲಿ ನಾನು ಹೇಳಿದ್ದು ಈ ಕೊನೆಯ ಭಾಗ ಮಾತ್ರ. ಅಕ್ಕನನ್ನು ಎಬ್ಬಿಸಲೆಂದೇ ಬೇಕಂತ ತಪ್ಪು ಮಾತಾಡಿದೆ ಎಂದೂ ಸೇರಿಸಿದೆ. ನಿಮ್ಮೆದುರು ಸುಳ್ಳು ಯಾಕೆ, ಅದು ಬೇಕಂತ ಮಾಡಿದ ತಪ್ಪಲ್ಲ.

ಪಾರ್ಕಿನಿಂದ ಮನೆಗೆ ನಡೆದು ಬರುವಾಗ ಅಕ್ಕ ಶೋಭಾಳ ತೋಳು ಬಿಟ್ಟು ತಾನೇ ನಡೆದಳು. ಪೊಟ್ಟಣದಲ್ಲಿ ಕೇಸರಿಬಾತ್. ನಾನು ಕೇಳಿದೆ, "ಮೊದಲಿಂದ ಗೊತ್ತಿದ್ರೆ ಯಾಕಕ್ಕ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಿಬ್ಬರಿಗೂ ಮಾತಾಡೋಕೆ ಇನ್ನೇನಿತ್ತು? ನೀನು ತೋಟ, ಅವರು ಮೀಟರು. ಎರಡು ವಾರ ಬಂದು ಮೂರನೇ ವಾರಕ್ಕೆ ನಿಲ್ಲಿಸ್ತಿದ್ದೆ."

"ಮತ್ತೆ ನಿನ್ನ ಅಭಿಪ್ರಾಯ?"

"ಅದನ್ನ ಯಾರು ಕೇಳಿದ್ರು?"

ಅದೂ ನಿಜವೇ. ನಡೆಯುತ್ತಾ ಇನ್ನೊಂದು ಯೋಚನೆ ಬಂತು. "ನಾನೂ ಅದನ್ನೇ ಹೇಳ್ತಿರೋದು" ಎಂದ ದಿನವೇ ನಿಮಗೂ ತಿಳಿದಿರಬೇಕು, ಅಲ್ಲವೇ? ತಿಳಿದ ಮೇಲೂ ಅಷ್ಟು ಭಾನುವಾರ ಪೇಪರು ಹಾಸಿ, ಏನೂ ತಿಳಿಯದವರ ಹಾಗೆ, ನನ್ನ ಕಾಯುತ್ತಾ... ಇರಲಿ. ಉತ್ತರ ಬೇಡ.

ಅದಾದ ಮೇಲಿನ ಬುಧವಾರ ಬೆಳಗ್ಗೆ ಆರೂವರೆಗೆ ಶೋಭಾ ಫೋನ್ ಮಾಡಿ, "ಮಾವ, ಅಮ್ಮ ಇನ್ನೂ ಎದ್ದಿಲ್ಲ, ನನಗೆ ಒಂಥರಾ ಆಗ್ತಿದೆ," ಎಂದಳು. ನಾನು ಲುಂಗಿಯಲ್ಲೇ ಸ್ಕೂಟರು ಹತ್ತಿ ಬಂದೆ. ಅಕ್ಕ ಏಳಕ್ಕೆ ಎದ್ದು, ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರನ್ನೂ ನೋಡಿ, "ನಿದ್ದೆ ಬಂದಿತ್ತು. ಅದಕ್ಕೆ ಊರೆಲ್ಲಾ ಕರೀಬೇಕಾ?" ಎಂದಳು. ಎದ್ದೇಳುವ ಹೊತ್ತು ಈಗ ಏಳು. ಒಂದೇ ಲೋಟ ಬೆರೆಸುತ್ತಾಳೆ. ಭಾನುವಾರ ನನಗೆ ಹೊಸ ಡಿಕಾಕ್ಷನ್ ಹಾಕುತ್ತಾಳೆ. ನಾನು ಈಗ ಹತ್ತಕ್ಕೇ ಹೋಗಿ ತರಕಾರಿ ಹೆಚ್ಚುತ್ತೇನೆ. ಬೀನ್ಸು ಉದ್ದುದ್ದ ಹೆಚ್ಚುತ್ತೇನೆ ಎಂದು ಬೈಯುತ್ತಾಳೆ. ಹೆಚ್ಚುವುದನ್ನು ನಿಲ್ಲಿಸುವುದಿಲ್ಲ, ಇದು ನಿಮಗೆ ನಾನು ಕೊಡುವ ಮಾತು.

ನಿಮಗೆ ಹೇಳಬೇಕಾದ ಮುಖ್ಯ ಸುದ್ದಿ ನಿನ್ನೆಯದು. ಬನಶಂಕರಿಯ ಹಿರಿಯರ ಬಳಗದವರು ಇದೇ ವಿಷಯಕ್ಕೆ ಅಕ್ಕನನ್ನು ಮಾತಾಡಲು ಕರೆದಿದ್ದರು, ಆಮೇಲೆ ಅಲ್ಲಿಯ ನಾಲ್ಕು ಹೆಂಗಸರ ಜೊತೆ ಗುಡಿಗೆ, ಹೋಟೆಲಿಗೆ ಎಂದೆಲ್ಲ ಏರ್ಪಾಡು. ನಾನು ಸ್ಕೂಟರಿನಲ್ಲಿ ಬಿಡುತ್ತೇನೆ ಎಂದರೆ ಬೇಡ, ಬಸ್ಸಿದೆ ಎಂದಳು. ಚೀಲ ಹೆಗಲಿಗೆ ಹಾಕಿ, ಗೇಟಿನ ಚಿಲಕ ತೆಗೆದಳು. ಶೋಭಾ ಮಹಡಿಯಿಂದ ಬಗ್ಗಿ, "ಅಮ್ಮ, ಎಷ್ಟೊತ್ತಿಗೆ ಬರ್ತೀಯ?" ಎಂದು ಕೂಗಿದಳು.

ಅಕ್ಕ ತಿರುಗಿ ನೋಡಲಿಲ್ಲ.

"ಬಂದಾಗ ಬರ್ತೀನಿ. ನೀವು ಊಟ ಮಾಡ್ಕೊಳ್ಳಿ."

ನಿಮ್ಮ ಮನೆಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು, ಭಾವ.

ನಿಮ್ಮ ಕಡೆಯವನೇ ಆಗಿದ್ದ ಎದುರುಪಾರ್ಟಿ,
ಮುನಿರಾಜ